ಮಡಿಕೆಯಲ್ಲಿ ಹೋದ ಮೂರಕ್ಷರ

ಶ್ರೀರಂಗಪಟ್ಟಣದಲ್ಲಿ ಹುಟ್ಟಿದವನಿಗೆ ಇತಿಹಾಸಕಾರನಾಗುವುದು ಬಲು ಕಷ್ಟ. ಅಲ್ಲಿ ಉಳಿದವರೆಲ್ಲ ಆಗಲೇ ಆಗಿಬಿಟ್ಟಿರುತ್ತಾರೆ. ಬಸ್‌ಸ್ಟ್ಯಾಂಡಿನ ಕಬ್ಬಿನಹಾಲಿನವನಿಂದ ಹಿಡಿದು ಜಟಕಾ ಓಡಿಸುವವನವರೆಗೆ ಯಾರನ್ನು ತಡವಿದರೂ, "ಸುಲ್ತಾನ್ರು ಬಿದ್ದಿದ್ದು ಇಲ್ಲಲ್ಲ ಸಾ, ಅಗೋ ಅಲ್ಲಿ" ಎಂದು ಬೆರಳು ತೋರಿಸುತ್ತಾರೆ. ಒಬ್ಬೊಬ್ಬರ ಬೆರಳು ಒಂದೊಂದು ದಿಕ್ಕಿಗೆ. ಚಲುವರಾಜು ಮೇಷ್ಟರು ಇಪ್ಪತ್ತು ವರ್ಷ ಈ ಬೆರಳುಗಳ ನಡುವೆ ತಮ್ಮದೂ ಒಂದನ್ನು ತೂರಿಸಲು ನೋಡಿ ಸೋತಿದ್ದರು. ಒಮ್ಮೆ ಕೋಟೆಯ ಬಾಗಿಲೊಂದರ ಬಗ್ಗೆ ಪತ್ರಿಕೆಗೆ ಕಾಗದ ಬರೆದಾಗ, ಅದರಲ್ಲಿದ್ದ ನಾಲ್ಕು ತಪ್ಪುಗಳನ್ನು ಅವರ ಕ್ಷೌರಿಕನೇ, ಕತ್ತಿ ಕುತ್ತಿಗೆಯ ಮೇಲಿರುವಾಗ, ಎತ್ತಿ ತೋರಿಸಿದ್ದ. ಮೇಷ್ಟರು ಎದುರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಅವರು ಪಾಂಡವಪುರದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದರು. ದಿನಾ ಲೂನಾದ ಮೇಲೆ ಹೋಗಿ ಬರುವುದು. ವಯಸ್ಸು ನಲವತ್ತನಾಲ್ಕು, ಹೊಟ್ಟೆ ಸ್ವಲ್ಪ ಮುಂದೆ, ಕೂದಲು ಸ್ವಲ್ಪ ಹಿಂದೆ, ಜೇಬಿನಲ್ಲಿ ಎರಡು ಪೆನ್ನು. ತೊಂಬತ್ತಮೂರನೇ ಇಸವಿಯ ಬೇಸಿಗೆ ರಜದಲ್ಲಿ ಹೆಂಡತಿ ಲಕ್ಷ್ಮಿದೇವಮ್ಮ ಹಳೇ ಪೇಪರಿನ ಕಟ್ಟು ಕೊಟ್ಟು, ಮಾರಿ ಬನ್ನಿ ಎಂದು ಕಳಿಸಿದರು. ಮೇಷ್ಟರು ವಾಪಸು ಬಂದಾಗ ಕೈಯಲ್ಲಿ ದುಡ್ಡಿರಲಿಲ್ಲ. ಕಂಕುಳಲ್ಲಿ ಬಟ್ಟೆಗೆ ಅಂಟಿಸಿದ್ದ, ಎಂಟು ಮಡಿಕೆಯ ಒಂದು ಕಂದು ಕಾಗದವಿತ್ತು.

"ಆರು ತಿಂಗಳ ಪೇಪರ್ ಕೊಟ್ಟು ಈ ಒರೆಸೋ ಬಟ್ಟೆ ತಂದ್ರಾ?" ಎಂದರು ಲಕ್ಷ್ಮಿದೇವಮ್ಮ.

ಅದು ಒರೆಸುವ ಬಟ್ಟೆಯಲ್ಲ. ಎಂಬತ್ತು ವರ್ಷದ ಹಿಂದೆ ಸರ್ವೆಯವರು ಅಡಿ ಅಡಿ ಅಳೆದು, ಒಂದು ಮೈಲಿಗೆ ಒಂದು ಅಂಗುಲದಂತೆ ಬರೆದ ನಕ್ಷೆ, ಸರ್ವೆಯವರ ಮಾತಿನಲ್ಲಿ ಟೋಪೋಶೀಟು. ದಕ್ಷಿಣಕ್ಕೆ ಶ್ರೀರಂಗಪಟ್ಟಣದ ತುದಿ, ನಡುವೆ ಪಾಂಡವಪುರ, ಪಡುವಣಕ್ಕೆ ಕೃಷ್ಣರಾಜಪೇಟೆಯ ಕಡೆಯ ಹಳ್ಳಿಗಳು, ಮೇಲೆ ನಾಗಮಂಗಲದ ಒಣಭೂಮಿ. ಕಂದು ಗೆರೆಗಳಲ್ಲಿ ಗುಡ್ಡದ ಏರಿಳಿತ, ನೀಲಿಯಲ್ಲಿ ಕೆರೆ, ಕಪ್ಪು ಚುಕ್ಕಿಗಳಲ್ಲಿ ಬಂಡಿದಾರಿ. ಈಗ ಇಲ್ಲದ ಊರುಗಳು, ಈಗ ಯಾರೂ ನಡೆಯದ ದಾರಿಗಳು, ಎಲ್ಲ ಅದರಲ್ಲಿದ್ದವು. ಮೇಷ್ಟರು ಅದನ್ನು ನಡುಮನೆಯಲ್ಲಿ ಹಾಸಿ, ಮೊಣಕಾಲೂರಿ ಕೂತರು. ಯಾವ ಜಟಕಾದವನೂ, ಯಾವ ಕ್ಷೌರಿಕನೂ ಕೈಯಿಟ್ಟಿರದ ಇತಿಹಾಸ! ಅವತ್ತು ಮಧ್ಯಾಹ್ನ ಅವರು ಊಟಕ್ಕೆ ಎದ್ದದ್ದು ಮೂರನೇ ಸಲ ಕರೆದ ಮೇಲೆ.

ಆಮೇಲಿನ ಭಾನುವಾರಗಳು ಹಾಳಾಗಿ ಹೋದವು, ಎಂದರೆ ಮೇಷ್ಟರ ಲೆಕ್ಕದಲ್ಲಿ ಸಾರ್ಥಕವಾದವು. ಪಾಂಡವಪುರದ ಆಚೆ ನಕ್ಷೆಯ ಬಂಡಿದಾರಿಯೊಂದು ನೆಟ್ಟಗೆ ಹೋಗಿದ್ದನ್ನು ನಂಬಿ ಅವರೂ ನೆಟ್ಟಗೆ ಹೋದರು. ಎಂಬತ್ತು ವರ್ಷದಲ್ಲಿ ಆ ದಾರಿ ಕಬ್ಬಿನ ಗದ್ದೆಯಾಗಿತ್ತು. ಒಳಗೆ ಹೊಕ್ಕವರು ಒಂದು ಗಂಟೆ ದಿಕ್ಕು ತಪ್ಪಿ, ಕಬ್ಬಿನ ಸೋಗೆಗೆ ಮೈಯೆಲ್ಲ ಕೊಯ್ದುಕೊಂಡು, ಕೊನೆಗೆ ಸಕ್ಕರೆ ಕಾರ್ಖಾನೆಯ ಕೊಳವೆಯ ಹೊಗೆ ನೋಡಿಕೊಂಡು ಹೊರಬಿದ್ದರು. ಕೈಯಲ್ಲಿ ನಕ್ಷೆ ಹಿಡಿದು, ಮುಖದಲ್ಲಿ ರಕ್ತದ ಗೀರು ಹೊತ್ತು ಬದುವಿನ ಮೇಲೆ ಪ್ರತ್ಯಕ್ಷರಾದ ಮನುಷ್ಯನನ್ನು ಕಂಡು ಅಲ್ಲಿದ್ದ ರೈತರು ಸುತ್ತುವರಿದರು.

"ನಾಲೆ ನಮ್ ಜಮೀನ್ ಮ್ಯಾಲ್ ಬತ್ತದಾ ಸಾ, ಕೆಳಿಕ್ ಬತ್ತದಾ?"

"ನಾನು ನಾಲೆಯವನಲ್ಲಪ್ಪ. ಇತಿಹಾಸ ಹುಡುಕ್ತಿದ್ದೀನಿ."

"ಅದ್ ಯಾವ್ ಡಿಪಾರ್ಟ್‌ಮೆಂಟು?"

ಮೇಷ್ಟರು ನಕ್ಷೆ ನೋಡಿಕೊಂಡು ಬದುವಿನ ಮೇಲೆ ಮುಂದೆ ನಡೆದರು. ಅದೇ ಭಾನುವಾರ, ಗದ್ದೆಯ ಮೂಲೆಯಲ್ಲಿ, ನಕ್ಷೆ ತೋರಿಸಿದ ಜಾಗದಲ್ಲೇ ಒಂದು ಹಳೆಯ ಬಾವಿ ಸಿಕ್ಕಿತು. ಮುಳ್ಳು ತುಂಬಿತ್ತು, ಕಲ್ಲುಕಟ್ಟಡ ಗಟ್ಟಿಯಾಗಿತ್ತು. ಅದರ ಕಟ್ಟೆ ಮುಟ್ಟಿದಾಗ ಅವರ ಎದೆ ಹೊಡೆದುಕೊಂಡಿದ್ದು ನಿಜ. ಸುಳ್ಳು ಏನಿದ್ದರೂ ಆ ನಂತರದ್ದು.

ನಕ್ಷೆಯ ಮೇಲಿನ ಭಾಗದಲ್ಲಿ, ನಾಗಮಂಗಲ ತಾಲ್ಲೂಕಿನ ಹೊನ್ನೇಕೊಪ್ಪಲು ಎಂಬ ಊರಿನ ಮಗ್ಗುಲಲ್ಲಿ, ಗುಡ್ಡದ ಬುಡಕ್ಕೆ ಒಂದು ಸಣ್ಣ ನೀಲಿ ಚುಕ್ಕಿಯಿತ್ತು. ಅದರ ಪಕ್ಕದಲ್ಲಿ ಓರೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು. ಮಡಿಕೆ ಸರಿಯಾಗಿ ಆ ಹೆಸರಿನ ಮೇಲೇ ಹಾದು, ಕಾಗದ ಸವೆದು, ಹೆಸರಿನ ಹೊಟ್ಟೆಯಲ್ಲಿ ತೂತು ಬಿದ್ದಿತ್ತು. ಮೊದಲಿಗೆ 'ದನ' ಎಂದು ಓದಬಹುದಾದ ನಾಲ್ಕು ಅಕ್ಷರ, ಆಮೇಲೆ ತೂತು, ಆಮೇಲೆ 'ಅನ ಕಟ್ಟೆ'. ಮೇಷ್ಟರು ಸ್ಕೇಲು ಇಟ್ಟು ತೂತನ್ನು ಅಳೆದರು. ಪಕ್ಕದ ಊರ ಹೆಸರುಗಳ ಅಕ್ಷರಗಳನ್ನು ಅಳೆದರು. ಭಾಗಿಸಿದರು. ತೂತಿನಲ್ಲಿ ಮೂರಕ್ಷರ ಹಿಡಿಯುತ್ತವೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಆ ಮೂರಕ್ಷರ ಯಾವುವೆಂದು ಹೊಳೆದಾಗ ಅವರು ಒಬ್ಬರೇ ಎದ್ದು ನಿಂತರು. ವೈ, ಎ, ಕೆ. ದಣಾಯಕನ ಕಟ್ಟೆ! ಇಂಗ್ಲಿಷಿನವರಿಗೆ 'ನ'ಕಾರಕ್ಕೂ 'ಣ'ಕಾರಕ್ಕೂ ವ್ಯತ್ಯಾಸವೆಲ್ಲಿ? ದಣಾಯಕ ಅಂದರೆ ದಂಡನಾಯಕ, ಸೇನಾಪತಿ. ತೊಣ್ಣೂರಿನ ಕಡೆ ಹೊಯ್ಸಳರ ಓಡಾಟವಿತ್ತೆಂದು ಯಾರಿಗೆ ಗೊತ್ತಿಲ್ಲ? ಸೇನಾಪತಿ ಬಂದಿರಬೇಕು, ಬಂದಮೇಲೆ ಬೀಡು ಬಿಟ್ಟಿರಬೇಕು, ಬೀಡು ಬಿಟ್ಟ ಮೇಲೆ ಕುದುರೆಗಳಿಗೆ ನೀರು ಬೇಕಾಗಿರಬೇಕು.

ಮುಂದಿನ ಭಾನುವಾರ ಲೂನಾ ಹೊನ್ನೇಕೊಪ್ಪಲಿಗೆ ಓಡಿತು. ತೆಂಗು, ರಾಗಿ ಹೊಲ, ಕೆಮ್ಮಣ್ಣು, ಮುಂದೆ ಗುಡ್ಡ. ಗುಡ್ಡದ ಬುಡದಲ್ಲಿ ಕಟ್ಟೆ ನಿಜವಾಗಿಯೂ ಇತ್ತು. ಕಾಡುಗಲ್ಲನ್ನು ಒಂದರ ಮೇಲೊಂದು ಜೋಡಿಸಿದ್ದ ಅಂಕುಡೊಂಕು ಏರಿ, ಹಿಂದೆ ಒಂದು ಎಕರೆಯಷ್ಟು ಮಣ್ಣುಬಣ್ಣದ ನೀರು, ನೀರಿನಲ್ಲಿ ಎಮ್ಮೆಗಳು. ಏರಿಯ ಮೇಲೆ ಒಬ್ಬಳು ಮುದುಕಿ ಕೋಲು ಹಿಡಿದು ಕೂತಿದ್ದಳು. ಇತಿಹಾಸಕಾರರಾದವರು ಮೊದಲು ಅವಳನ್ನು ಮಾತಾಡಿಸಬೇಕಿತ್ತು. ಮೇಷ್ಟರು ಅವಳಿಗೆ ಎಮ್ಮೆಯನ್ನು ಸ್ವಲ್ಪ ಆಚೆ ಹೊಡೆಯಲು ಹೇಳಿ, ಏರಿಯ ಉದ್ದವನ್ನು ಹೆಜ್ಜೆಯಲ್ಲಿ ಅಳೆದುಕೊಂಡು, ಊರೊಳಗೆ ಹೆಂಚಿನ ದೊಡ್ಡ ಮನೆ ಯಾರದೆಂದು ವಿಚಾರಿಸಿ ಹೋದರು.

ಆ ಮನೆ ರಂಗಸ್ವಾಮಿಯದು. ಊರಿಗೆ ದೊಡ್ಡ ಹಿಡುವಳಿದಾರ, ತೆಂಗಿನ ತೋಟ, ಡೈರಿ ಸಂಘದ ಅಧ್ಯಕ್ಷ. ಒಳ್ಳೆಯ ಮನುಷ್ಯನೇ, ಮಜ್ಜಿಗೆ ಕೊಟ್ಟ.

"ಇದು ದಣಾಯಕನ ಕಟ್ಟೆ ಅಲ್ವೇ?" ಎಂದು ಕೇಳಿದರು ಮೇಷ್ಟರು.

"ನಾವೆಲ್ಲ ಬರೀ ಕಟ್ಟೆ ಅಂತೀವಿ ಸಾ."

"ಸರಿ, ಆದರೆ ಹಿಂದಿನ ಹಿರಿಯರು ದಣಾಯಕನ ಕಟ್ಟೆ ಅಂತಿದ್ದರು ಅಲ್ವೇ?"

ಅಷ್ಟು ದೂರದಿಂದ ಬಂದವರಿಗೆ ಬೇಜಾರು ಮಾಡುವುದು ರಂಗಸ್ವಾಮಿಗೂ ಇಷ್ಟವಿರಲಿಲ್ಲ. "ಇರ್ಬೋದು ಸಾ. ನಮ್ ತಾತ ಏನೋ ಅಂಗೇ ಅಂತಿದ್ದಂಗಿತ್ತು" ಎಂದ. ಮೇಷ್ಟರು ನೋಟ್‌ಬುಕ್ಕಿನಲ್ಲಿ 'ಸ್ಥಳೀಯ ಐತಿಹ್ಯವೂ ಇದನ್ನು ದೃಢಪಡಿಸುತ್ತದೆ' ಎಂದು ಬರೆದುಕೊಂಡರು.

ಲೇಖನ ಮಂಡ್ಯದ ಒಂದು ವಾರಪತ್ರಿಕೆಯಲ್ಲಿ ಅರ್ಧ ಪುಟ ಬಂತು: 'ಮರೆತುಹೋದ ದಣಾಯಕನ ಕಟ್ಟೆ'. ಆಮೇಲೆ ಎಷ್ಟೋ ಸಲ ಮೇಷ್ಟರು ಅದನ್ನು ತೆಗೆದು ಓದಿ ತಲೆ ಚಚ್ಚಿಕೊಂಡಿದ್ದಾರೆ. ಅದರಲ್ಲಿ 'ಇರಬೇಕು' ಎಂಬ ಮಾತು ಹನ್ನೊಂದು ಸಲ ಇದೆ. ಹನ್ನೆರಡನೆಯ ಸಲ ಬರಬೇಕಾದ ಕಡೆ, ಕೊನೆಯ ವಾಕ್ಯದಲ್ಲಿ, ಅದು ಸದ್ದಿಲ್ಲದೆ 'ಇತ್ತು' ಎಂದಾಗಿದೆ.

ಆದರೆ ಆಗ ಅವರಿಗೆ ಹೊಗಳಿಕೆಯೇ ಹೊಗಳಿಕೆ. ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಓದಿಸಿದರು. ಕ್ಷೌರಿಕ ಒಂದೂ ತಪ್ಪು ಹೇಳಲಿಲ್ಲ. ಅವನು ಹೊನ್ನೇಕೊಪ್ಪಲನ್ನು ನೋಡಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ರಂಗಸ್ವಾಮಿಯೇ ಒಂದು ಚೀಲ ತೆಂಗಿನಕಾಯಿ ಹೊರಿಸಿಕೊಂಡು ಮನೆಗೆ ಬಂದ. ಪತ್ರಿಕೆಯ ತುಂಡನ್ನು ಗಾಜಿನ ಕಟ್ಟು ಹಾಕಿಸಿ ತಂದಿದ್ದ.

"ನಮ್ ಮನೆತನ್ದೋರ್ನ ಊರಲ್ಲಿ ನಾಯಕ್ರ ಮನೆಯೋರು ಅಂತಾರೆ ಸಾ. ನೀವ್ ಬರ್ದಿದ್ದು ಓದ್ದಾಗ್ಲೇ ಗೊತ್ತಾಗಿದ್ದು ಯಾಕೆ ಅಂತ. ದಣಾಯಕ ನಮ್ಮೋನೇ ಅಲ್ವಾ?"

ಇದು ತಾವು ಬರೆದದ್ದಲ್ಲ ಎಂದು ಮೇಷ್ಟರಿಗೆ ಗೊತ್ತಿತ್ತು. ಆದರೆ ಎದುರಿಗೆ ತಮ್ಮ ಮೊದಲ ಓದುಗ, ಕಟ್ಟು ಹಾಕಿಸಿದ ಲೇಖನ, ಚೀಲದ ತುಂಬ ಕಾಯಿ. "ಇರಬೇಕು" ಎಂದರು. ಅದು ಹನ್ನೆರಡನೆಯದು.

ಹೊನ್ನೇಕೊಪ್ಪಲಿನಲ್ಲಿ ಮೇಷ್ಟರಿಗೆ ಸನ್ಮಾನ ಆಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ತಲೆಗಿಂತ ಎರಡು ಅಳತೆ ದೊಡ್ಡದಾದ ಮೈಸೂರು ಪೇಟ ಇಟ್ಟರು. ಅದು ಹುಬ್ಬಿನವರೆಗೆ ಇಳಿದದ್ದರಿಂದ ಸಭೆಯಲ್ಲಿ ಯಾರು ಯಾರಿದ್ದರೆಂದು ಅವರಿಗೆ ಸರಿಯಾಗಿ ಕಾಣಲಿಲ್ಲ. ಕಟ್ಟೆಯ ಮೇಲೆ ಕಲ್ಲಿನ ನಾಮಫಲಕ ನಿಲ್ಲಿಸುವುದಾಗಿಯೂ, ಅವತ್ತು ಮುಖ್ಯ ಭಾಷಣ ಮೇಷ್ಟರದೇ ಎಂದೂ ರಂಗಸ್ವಾಮಿ ಸಾರಿದ.

ಮತ್ತೆ ಅವರು ಹೊನ್ನೇಕೊಪ್ಪಲಿಗೆ ಹೋದದ್ದು ಫಲಕದ ವಾಕ್ಯ ಬರೆದುಕೊಡಲು, ತೊಂಬತ್ತನಾಲ್ಕರ ಮಾರ್ಚ್‌ನಲ್ಲಿ. ಊರೊಳಗೆ ಹೋಗುವ ಮೊದಲು ತಮ್ಮ ಕಟ್ಟೆಯನ್ನು ಒಮ್ಮೆ ಕಣ್ತುಂಬ ನೋಡೋಣ ಎಂದು ಲೂನಾ ಅತ್ತ ತಿರುಗಿಸಿದರು. ನೋಡಿದರೆ ಕಟ್ಟೆಯ ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದಿದೆ. ಒಂದು ತಗಡಿನ ಮೇಲೆ 'ಐತಿಹಾಸಿಕ ಸ್ಥಳ. ದನಕರು ಬಿಡಬಾರದು' ಎಂದು ಬರೆದಿದೆ. ತಂತಿಯೊಳಗೆ, ನೀರಿನ ಅಂಚಿನಲ್ಲಿ, ಸಾಲಾಗಿ ಇಪ್ಪತ್ತು ತೆಂಗಿನ ಸಸಿ. ತಂತಿಯ ಹೊರಗೆ ಅದೇ ಮುದುಕಿ, ಅವೇ ಎಮ್ಮೆ.

ಆಕೆ ಕುಳ್ಳಮ್ಮ. ಗುಡ್ಡದ ಮಗ್ಗುಲಿನ ಏಳೆಂಟು ಮನೆಗಳಲ್ಲಿ ಒಂದು ಅವಳದು. ಮಗ ದಾಸಯ್ಯ ಎರಡು ಎಕರೆ ರಾಗಿ ಬೆಳೆದು, ಎಮ್ಮೆ ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದ. ಅವಳು ಮೇಷ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವೇ ಅಲ್ವಾ ಪೇಪರ್ನಲ್ಲಿ ಬರ್ದೋರು?"

ಮೇಷ್ಟರಿಗೆ ಖುಷಿಯೇ ಆಯಿತು. "ಹೌದಮ್ಮ."

"ಬರ್ದು ಏನ್ ಕಿಸ್ದ್ರಿ? ನಮ್ ದನ ಈಗ ನೀರಿಗೆ ಎಲ್ಡು ಮೈಲಿ ನಡೀತಾವೆ, ಕೆಳಗ್ಲ ಕೆರೆಗೆ. ಓಗಿ ಬರೋವೊತ್ಗೆ ಅರ್ಧ ಆಲು ಬತ್ತೋಯ್ತದೆ. ಗಬ್ಬದೆಮ್ಮೆ ಬೇರೆ. ರಂಗಸ್ವಾಮಣ್ಣನ್ ಕೇಳುದ್ರೆ, ಮೇಷ್ಟ್ರು ಯೋಳವ್ರೆ, ಇದು ದಂಡ್ನೋನ್ ಕಟ್ಟೆ, ಕುದ್ರೆ ಕುಡ್ಯೋ ನೀರು, ಎಮ್ಮೆ ಇಳೀಬಾರ್ದು ಅಂತಾನೆ. ಎಲ್ಲವ್ರೆ ಸೋಮಿ ಕುದ್ರೆಗ್ಳು? ಒಂದ್ನಾರ ತೋರ್ಸಿ, ನಾನೇ ನೀರ್ ಕುಡುಸ್ತೀನಿ."

"ಅಮ್ಮಾ, ಇದು ಎಂಟುನೂರು ವರ್ಷದ ಹಿಂದಿನ ಮಾತು. ಹೆಸರೇ ದಣಾಯಕನ ಕಟ್ಟೆ..."

"ಯಾರಂದ್ರು? ಇದು ದನಕಾಯನ ಕಟ್ಟೆ."

ಮೇಷ್ಟರು ಜೇಬಿನ ಪೆನ್ನಿಗೆ ಕೈ ಹಾಕಿದರು.

"ನಮ್ಮತ್ತೆ ಅಂಗೇ ಅಂತಿದ್ಲು, ಅವ್ಳತ್ತೆನೂ ಅಂಗೇ ಅಂತಿದ್ಲಂತೆ. ಊರ್ ದನ ಕಾಯೋನೊಬ್ಬ ಇದ್ನಂತೆ. ಮಳೇಲಿ ಗುಡ್ಡದ್ ನೀರೆಲ್ಲ ಸುಮ್ಕೆ ಅರ್ದೋಗೋದು. ದನ ಬ್ಯಾಸ್ಗೇಲಿ ನಾಲ್ಗೆ ನೀಡ್ಕಂಡ್ ನಿಂತ್ಕೊಳೋವು. ಅವ್ನು ನೋಡೀ ನೋಡೀ, ದಿನಾ ಮೇಯ್ಸೋಕ್ ಓದಾಗ ಗುಡ್ಡದಿಂದ ಒಂದೊಂದ್ ಕಲ್ ತಂದ್ ಆಕುದ್ನಂತೆ."

"ಎಷ್ಟು ವರ್ಷ?"

"ಯಾರ್ ಎಣ್ಸುದ್ರು?"

"ಅವನ ಹೆಸರು?"

"ಗೊತ್ತಿಲ್ಲ."

"ನಿಮ್ಮ ವಂಶದವನಾ?"

"ಗೊತ್ತಿಲ್ಲ ಅಂದ್ನಲ್ಲ. ದನ ಕಾಯೋನು, ಅಷ್ಟೇಯ." ಕುಳ್ಳಮ್ಮ ಕೋಲು ಎತ್ತಿಕೊಂಡಳು. "ಅವತ್ ಬಂದಿದ್ರಲ್ಲ, ನಾನ್ ಇಲ್ಲೇ ಕೂತಿದ್ನಲ್ಲ. ಯಾಕ್ ಕೇಳ್ನಿಲ್ಲ?"

ಅವಳು ಎಮ್ಮೆ ಹೊಡೆದುಕೊಂಡು ಹೋದ ಮೇಲೆ ಅವರು ತಂತಿಯ ಹೊರಗೆ ನಿಂತು, ಮಣ್ಣಿನ ಮೇಲೆ ಬೆರಳಿನಲ್ಲಿ ಇಂಗ್ಲಿಷ್ ಅಕ್ಷರ ಬರೆದರು. ತೂತಿನ ಮೂರಕ್ಷರ. ವೈ, ಎ, ಕೆ ಎಂದರೆ ದಣಾಯಕ. ಅವನ್ನೇ ಹಿಂದುಮುಂದಾಗಿ ಕೆ, ಎ, ವೈ ಎಂದಿಟ್ಟರೆ ದನಕಾಯ. ಅಳತೆ ಒಂದೇ. ತಮ್ಮ ಸ್ಕೇಲು, ಭಾಗಾಕಾರ, ಎಲ್ಲ ಸರಿಯಾಗಿಯೇ ಇತ್ತು. ತಲೆ ಮಾತ್ರ ತಿರುಗಾಮುರುಗಾ ಇತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಪಾಠ ಒಪ್ಪಿಸದ ಹುಡುಗರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಬೈಗುಳ: "ನೀನು ದನ ಕಾಯೋಕೇ ಲಾಯಕ್ಕು." ಆ ಲಾಯಕ್ಕಿನವನೊಬ್ಬ ಕಟ್ಟಿದ್ದನ್ನು ಅವನ ಕೈಯಿಂದ ಕಿತ್ತು ಸೇನಾಪತಿಗೆ ಕೊಟ್ಟುಬಿಟ್ಟಿದ್ದರು.

ಆದರೂ ಮನುಷ್ಯನ ಮನಸ್ಸು ಅಷ್ಟು ಸುಲಭಕ್ಕೆ ಪೇಟ ಇಳಿಸುವುದಿಲ್ಲ. ಮುದುಕಿಯ ಮಾತಿಗಿಂತ ದಾಖಲೆ ದೊಡ್ಡದು ಎಂದುಕೊಂಡು ಮಾರನೇ ವಾರ ರಜ ಹಾಕಿ ನಾಗಮಂಗಲಕ್ಕೆ ಬಸ್ಸು ಹತ್ತಿದರು. ಅಲ್ಲಿ ಅವರ ಹಳೆಯ ಸಹಪಾಠಿ ಮಂಚಯ್ಯ ಸರ್ವೆ ಇಲಾಖೆಯಲ್ಲಿದ್ದ. ಮೇಷ್ಟರು ಟೋಪೋಶೀಟು ಹಾಸಿ, ತೂತು ತೋರಿಸಿ, ತೂತಿಲ್ಲದ ಇನ್ನೊಂದು ಪ್ರತಿ ಸಿಗುತ್ತದೆಯೇ ಎಂದು ಕೇಳಿದರು.

ಮಂಚಯ್ಯ ವೀಳ್ಯ ಜಗಿಯುತ್ತ ತೂತಿನೊಳಗಿಂದ ಆಚೆ ನೋಡಿದ. "ಇದ್ಯಾಕಲಾ ಬೇಕು ನಿಂಗೆ? ಊರ್ ನಕ್ಷೆ ಐತಲ್ಲ, ಕನ್ನಡ್ದಾಗೆ."

"ಕನ್ನಡದ್ದು ಇದೆಯಾ?"

"ಇಲ್ದೆ? ಒಂದೊಂದ್ ಊರ್ಗೂ ಒಂದೊಂದೈತೆ. ಮಾರಾಜ್ರ ಕಾಲ್ದಿಂದ್ಲೂ ಐತೆ. ನೀನ್ ಕೇಳ್ಬೇಕಲ್ಲ."

ಬೀರುವಿನಿಂದ ಸುರುಳಿ ಹೊರಬಂತು. ಹೊನ್ನೇಕೊಪ್ಪಲಿನ ಹೊಲ, ಓಣಿ, ಹಳ್ಳ. ಮೂಲೆಯಲ್ಲಿ ಯಾರೋ ಶಾನುಭೋಗರ ದುಂಡಗಿನ ಅಕ್ಷರ, ಮಸಿ ಇನ್ನೂ ಕಪ್ಪಗಿತ್ತು: 'ದನಕಾಯನಕಟ್ಟೆ. ಸರ್ಕಾರಿ. ಊರ ದನಗಳ ನೀರಿಗೆ.'

ಕನ್ನಡದಲ್ಲಿ ನ-ಣಗಳ ಗೊಂದಲವಿರಲಿಲ್ಲ. ಮಡಿಕೆಯ ತೂತೂ ಇರಲಿಲ್ಲ.

"ಯಾಕ್ಲಾ ಮಖ ಇಂಗ್ ಮಾಡ್ಕಂಡೆ?" ಎಂದ ಮಂಚಯ್ಯ.

ಮೇಷ್ಟರು ಎಲ್ಲ ಹೇಳಿದರು. ಮಂಚಯ್ಯ ನಗಲಿಲ್ಲ. ಎದ್ದು ಹೊರಗೆ ಹೋಗಿ ವೀಳ್ಯ ಉಗಿದು ಬಂದು, ಆಮೇಲೆ ಸಾವಕಾಶವಾಗಿ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ನಗು ಮುಗಿದ ಮೇಲೆ ಆ ಮೂಲೆಯ ನಕಲು ತೆಗೆಸಿ ಕೊಟ್ಟ.

ಮೇಷ್ಟರು ಮನೆಗೆ ಬಂದು ಲಕ್ಷ್ಮಿದೇವಮ್ಮನ ಮುಂದೆ ಹಲವು ಉಪಾಯ ಮಂಡಿಸಿದರು. ಹುಷಾರಿಲ್ಲವೆಂದು ಫಲಕದ ಸಭೆಗೆ ಹೋಗದೆ ಇರಬಹುದು. ರಂಗಸ್ವಾಮಿಯೊಬ್ಬನಿಗೇ ಕಾಗದ ಬರೆಯಬಹುದು. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ ಎನ್ನಬಹುದು.

"ಭಿನ್ನಾಭಿಪ್ರಾಯ ಯಾರ್ ಯಾರಿಗೆ?" ಎಂದರು ಆಕೆ.

"ಕುಳ್ಳಮ್ಮನಿಗೂ ನನಗೂ."

"ಬರೆದಿದ್ದು ಎಲ್ಲರ ಮುಂದೆ ಅಲ್ವಾ? ಹೇಳೋದೂ ಎಲ್ಲರ ಮುಂದೆ ಹೇಳಿ. ಎಮ್ಮೆ ನೀರಿಲ್ದೆ ನಿಂತಿದೆಯಂತೆ, ನೀವು ಮರ್ಯಾದೆ ನೋಡ್ಕೋತಾ ಕೂತಿದ್ದೀರಿ."

ಏಪ್ರಿಲ್ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಕಟ್ಟೆಯ ಪಕ್ಕದಲ್ಲಿ ಶಾಮಿಯಾನ, ಮೈಕು, ಕುರ್ಚಿ. ಹಳದಿ ಬಟ್ಟೆ ಹೊದ್ದ ಕಲ್ಲು. ತಾಲ್ಲೂಕಿನಿಂದ ಇಬ್ಬರು ಅತಿಥಿಗಳು ಬಂದಿದ್ದರು. ರಂಗಸ್ವಾಮಿ ಗರಿಗರಿ ಪಂಚೆ ಉಟ್ಟು, ಬಂದವರಿಗೆಲ್ಲ ತಾನೇ ದಣಾಯಕನ ಹಾಗೆ ಕೈಮುಗಿಯುತ್ತಿದ್ದ. ಹಿಂದುಗಡೆ ನಿಂತವರಲ್ಲಿ ಕುಳ್ಳಮ್ಮ, ಅವಳ ಪಕ್ಕದಲ್ಲಿ ದಾಸಯ್ಯ. ಈ ಸಲ ಪೇಟ ಇರಲಿಲ್ಲವಾದ್ದರಿಂದ ಮೇಷ್ಟರಿಗೆ ಎಲ್ಲರೂ ಚೆನ್ನಾಗಿ ಕಂಡರು.

ಮೈಕಿನ ಮುಂದೆ ನಿಂತು ಟೋಪೋಶೀಟನ್ನು ಎತ್ತಿ ಹಿಡಿದರು. ತೂತಿನಲ್ಲಿ ಬಿಸಿಲು ತೂರಿ ಬಂತು.

"ನಾನು ಈ ತೂತಿನಿಂದ ಒಬ್ಬ ಸೇನಾಪತಿಯನ್ನು ಹೊರಗೆ ಎಳೆದಿದ್ದೆ" ಎಂದರು. "ಅವನು ಇಲ್ಲಿಗೆ ಬಂದೇ ಇರಲಿಲ್ಲ. ಬಂದಿದ್ದರೂ ನನಗೆ ಗೊತ್ತಿಲ್ಲ. ನಾನು ಬರೆದದ್ದು ತಪ್ಪು."

ಆಮೇಲೆ ಮಂಚಯ್ಯ ಕೊಟ್ಟ ನಕಲನ್ನು ತೆಗೆದು, ಅದರಲ್ಲಿದ್ದ ಮಾತನ್ನು ನಿಧಾನವಾಗಿ ಎರಡು ಸಲ ಓದಿದರು. ಮೂರಕ್ಷರದ ಕತೆ ಹೇಳಿದರು. ಮುದುಕಿಯನ್ನು ಕೇಳದೆ ಹೆಂಚಿನ ಮನೆ ಹುಡುಕಿಕೊಂಡು ಹೋದದ್ದನ್ನೂ ಬಿಡದೆ ಹೇಳಿದರು.

ಹಿಂದಿನಿಂದ ಒಬ್ಬ ಕೂಗಿದ: "ಅಂಗಾರೆ ರಂಗಸ್ವಾಮಣ್ಣ ದನಕಾಯೋನ್ ವಂಶ್ದೋನಾ?"

ಶಾಮಿಯಾನ ಹಾರಿಹೋಗುವಷ್ಟು ನಗು. ಅತಿಥಿಗಳೂ ಕರವಸ್ತ್ರ ಬಾಯಿಗಿಟ್ಟುಕೊಂಡರು.

"ಲೇ, ಬಾಯ್ ಮುಚ್ಚಲಾ!" ಎಂದು ರಂಗಸ್ವಾಮಿ ಎದ್ದ. ಮುಖ ಕೆಂಪೇರಿತ್ತು. "ಅಲ್ಲ ಮೇಷ್ಟ್ರೇ, ಬರೆಯೋವಾಗ ನಿಮ್ ತಲೆ ಎಲ್ಲೋಗಿತ್ತು? ಕಲ್ ಕೆತ್ಸಾಗದೆ, ಜನ ಸೇರಾಗದೆ, ಈಗ ಬಂದು ಇಂಗಂತೀರಲ್ಲ!"

"ಆ ತಲೆಯನ್ನೇ ನಾನೂ ಹುಡುಕ್ತಿದ್ದೀನಿ ರಂಗಸ್ವಾಮಿಯವರೇ" ಎಂದರು ಮೇಷ್ಟರು. "ಸಿಕ್ಕರೆ ತಿಳಿಸ್ತೀನಿ. ಆದರೆ ಈ ನೀರು ದನಗಳದು. ಅಷ್ಟು ಮಾತ್ರ ಬರವಣಿಗೆಯಲ್ಲಿದೆ."

ಕಲ್ಲಿನ ಮೇಲಿನ ಬಟ್ಟೆ ಯಾರೂ ತೆಗೆಯಲಿಲ್ಲ. ಅತಿಥಿಗಳು ಉಪ್ಪಿಟ್ಟು ತಿಂದು ಹೊರಟರು. ಮೇಷ್ಟರಿಗೆ ಉಪ್ಪಿಟ್ಟು ಯಾರೂ ಕೊಡಲಿಲ್ಲ. ಲೂನಾ ತಳ್ಳಿಕೊಂಡು ಹೋಗುವಾಗ ದಾಸಯ್ಯ ಮಾತ್ರ ಹಿಂದಿನಿಂದ ಬಂದು, ಕೆಸರು ದಾಟುವವರೆಗೆ ಗಾಡಿಗೆ ಕೈ ಕೊಟ್ಟ.

ತಂತಿ ಅವತ್ತೇ ಬಿಚ್ಚಲಿಲ್ಲ. ಮೇಷ್ಟರು ಪತ್ರಿಕೆಗೆ ತಿದ್ದುಪಡಿ ಕಳಿಸಿದರು. ಸಂಪಾದಕರು ಇದರಲ್ಲಿ ಸುದ್ದಿ ಏನಿದೆ ಎಂದು ವಾಪಸು ಕಳಿಸಿದರು. ಮೂರನೇ ಸಲ ಕಳಿಸಿದಾಗ ನಾಲ್ಕು ಸಾಲು ಬಂತು, ಅದೂ ಕಳೆದುಹೋದ ಅಂಕಪಟ್ಟಿಗಳ ಜಾಹೀರಾತಿನ ಕೆಳಗೆ. ಕ್ಷೌರಿಕ ಅದನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಅಂಟಿಸಿದ.

ಮೇ ತಿಂಗಳ ಕೊನೆಗೆ ರಂಗಸ್ವಾಮಿ ಮತ್ತೆ ಮನೆಗೆ ಬಂದ. ಈ ಸಲ ಕಾಯಿ ಇರಲಿಲ್ಲ. ಬಾಗಿಲಲ್ಲೇ ಚಪ್ಪಲಿ ಉಜ್ಜುತ್ತ ಸುಮಾರು ಹೊತ್ತು ನಿಂತ. ಬೈಸಿಕೊಳ್ಳಲು ಮೇಷ್ಟರು ಸಿದ್ಧರಾಗಿ ಕೂತರು.

"ಮೇಷ್ಟ್ರೇ" ಎಂದ ಅವನು, ದನಿ ತಗ್ಗಿಸಿ, "ಆ ದನಕಾಯೋನು... ಅವ್ನು ನಮ್ ವಂಶ್ದೋನೇ ಯಾಕಾಗಿರ್ಬಾರ್ದು?"

ಮೇಷ್ಟರ ನಾಲಗೆಯ ತುದಿಗೆ 'ಇರಬೇಕು' ಬಂದಿತ್ತು. ಕಚ್ಚಿ ಹಿಡಿದರು. "ನನಗೆ ಗೊತ್ತಿಲ್ಲ. ಕುಳ್ಳಮ್ಮನ್ನ ಕೇಳಿ."

ರಂಗಸ್ವಾಮಿ ನಿಜವಾಗಿಯೂ ಹೋಗಿ ಕೇಳಿದ. ಇದನ್ನು ಮೇಷ್ಟರಿಗೆ ಹೇಳಿದ್ದು ದಾಸಯ್ಯ. ಕುಳ್ಳಮ್ಮ ಬೆರಣಿ ತಟ್ಟುತ್ತಿದ್ದಳಂತೆ. ತಲೆಯೆತ್ತದೆ, "ಮೊದ್ಲು ತಂತಿ ಬಿಚ್ಚಪ್ಪ. ವಂಶ ಆಮ್ಯಾಕ್ ನೋಡವ" ಅಂದಳಂತೆ. ಎರಡು ದಿನ ಬಿಟ್ಟು ತಂತಿ ಬಿಚ್ಚಿ ಕಂಬ ಕಿತ್ತರು. ಸಸಿಗಳ ಪೈಕಿ ಮುಕ್ಕಾಲು ಪಾಲನ್ನು ರಂಗಸ್ವಾಮಿ ಕಿತ್ತುಕೊಂಡು ಹೋದ, ಉಳಿದವನ್ನು ಎಮ್ಮೆಗಳು ನೋಡಿಕೊಂಡವು.

ಮುಂಗಾರು ಒಂದೆರಡು ಸಲ ಚೆನ್ನಾಗಿ ಹೊಯ್ದ ಮೇಲೆ, ಜೂನ್‌ನಲ್ಲಿ, ಮೇಷ್ಟರು ಒಂದು ಬೆಳಿಗ್ಗೆ ಹೊನ್ನೇಕೊಪ್ಪಲಿಗೆ ಹೋದರು. ನಕ್ಷೆ ಮನೆಯಲ್ಲೇ ಬಿಟ್ಟಿದ್ದರು. ಕಟ್ಟೆ ತುಂಬಿ, ನೀರು ಕೆಂಪಗೆ ಏರಿಗೆ ಒರಗಿತ್ತು. ದನಗಳು ಕೊರಳವರೆಗೆ ಇಳಿದಿದ್ದವು. ಏರಿಯ ಒಂದು ಕಡೆ ಮಳೆಗೆ ಕಲ್ಲು ಜಾರಿ ಸಣ್ಣ ಕಂಡಿ ಬಿದ್ದಿತ್ತು. ದನ ಹೊಡೆದುಕೊಂಡು ಬಂದವರೆಲ್ಲ ಬರುವಾಗ ಗುಡ್ಡದಿಂದ ಒಂದೊಂದು ಕಲ್ಲು ಹೊತ್ತು ತಂದು ಅಲ್ಲಿ ಹಾಕುತ್ತಿದ್ದರು. ಹಾಗೆ ಮಾಡಬೇಕೆಂದು ಯಾರೂ ಯಾರಿಗೂ ಹೇಳಿದಂತೆ ಕಾಣಲಿಲ್ಲ.

ಕುಳ್ಳಮ್ಮ ಅವರನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದಳು. ಮೇಷ್ಟರು ಕೂರಲಿಲ್ಲ. ಗುಡ್ಡದ ಕಡೆ ಹೋಗಿ, ನೋಡಿ ನೋಡಿ, ಎಲ್ಲರಿಗಿಂತ ದೊಡ್ಡದೊಂದು ಕಲ್ಲನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದರು. ಕಂಡಿಯ ಬಾಯಲ್ಲಿ ಇಟ್ಟರು. ಕಲ್ಲು ಒಂದು ಕ್ಷಣ ಕೂತ ಹಾಗೆ ಮಾಡಿ, ಹೊರಳಿ, ಪಕ್ಕದ ಎರಡು ಕಲ್ಲುಗಳನ್ನೂ ಕರೆದುಕೊಂಡು ನೀರಿಗೆ ಬಿತ್ತು. ಕೆಸರು ಹಾರಿ ಅವರ ಅಂಗಿಗೂ ಕನ್ನಡಕಕ್ಕೂ ಮೆತ್ತಿತು. ಒಂದು ಎಮ್ಮೆ ತಿರುಗಿ ನೋಡಿತು.

"ಅಷ್ಟ್ ದೊಡ್ದು ಯಾಕ್ ತಂದ್ರಿ?" ಎಂದಳು ಕುಳ್ಳಮ್ಮ. "ಸಣ್ದು ತನ್ನಿ. ನಿಲ್ಲೋದು ತನ್ನಿ."

ಮೇಷ್ಟರು ಕನ್ನಡಕದ ಕೆಸರು ಒರೆಸಿಕೊಂಡು ಮತ್ತೆ ಗುಡ್ಡದ ಕಡೆ ನಡೆದರು.